ಹದಿಹರೆಯದವರ ಪ್ಯಾನಿಕ್ ಅಟ್ಯಾಕ್: ಜೀಪ್ ತೆಗೆಯುವ ಮೊದಲಿನ ಹತ್ತು ನಿಮಿಷ

ಕಾಡುಮಲ್ಲಿಗೆ (ಆಪ್ತಸಮಾಲೋಚಕಿ, ಮಡಿಕೇರಿ)

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದ ಹಾಗೆ, ಮಗುವಿಗೆ ಪ್ಯಾನಿಕ್ ಅಟ್ಯಾಕ್ (ಏಕಾಏಕಿ ನುಗ್ಗುವ ವಿಪರೀತ ಭಯ) ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆ ಬೇರೆ ಬೇರೆ ಚರ್ಚೆಗಳ ನಡುವೆ ತೂರಿಕೊಂಡು ಬರುತ್ತಿದೆ. ಒಂದೇ ಕಡೆ ಇರಲಿ ಎಂದು ಇದನ್ನು ಶುರು ಮಾಡುತ್ತಿದ್ದೇನೆ. ಗೊತ್ತಿರುವವರು ಸೇರಿಸಿ, ತಪ್ಪಿದ್ದರೆ ತಿದ್ದಿ. ಸ್ವಂತ ಅನುಭವ ಹೇಳಿಕೊಳ್ಳಲು ಬೇರೆ ಎಳೆ ಇದೆ, ಇಲ್ಲಿ ಏನು ಮಾಡಬೇಕು ಅನ್ನುವುದಷ್ಟೇ ಇರಲಿ.

ಮೊದಲು ಗುರುತು ಹಿಡಿಯುವುದು. ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆ ಕಲಸುವುದು, ವೇದಿಕೆ ಹತ್ತುವಾಗ ಕಾಲು ನಡುಗುವುದು ಪ್ಯಾನಿಕ್ ಅಟ್ಯಾಕ್ ಅಲ್ಲ. ಪ್ಯಾನಿಕ್ ಅಟ್ಯಾಕ್ ಏಕಾಏಕಿ ಏರುತ್ತದೆ, ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟುತ್ತದೆ, 20–30 ನಿಮಿಷದಲ್ಲಿ ಇಳಿಯುತ್ತದೆ. ವೈದ್ಯರ ಪಟ್ಟಿಯಲ್ಲಿ 13 ಲಕ್ಷಣಗಳಿವೆ. ಎದೆ ಡವಡವ, ಬೆವರು, ನಡುಕ, ಉಸಿರು ಕಟ್ಟಿದ ಹಾಗೆ ಆಗುವುದು, ಗಂಟಲು ಹಿಡಿಯುವುದು, ಎದೆನೋವು, ವಾಕರಿಕೆ, ತಲೆಸುತ್ತು, ಚಳಿ ಅಥವಾ ಸೆಕೆ, ಕೈಕಾಲು ಜೋಮು, ಸುತ್ತಲಿನದೆಲ್ಲ ನಿಜವಲ್ಲ ಅನಿಸುವುದು, ಹುಚ್ಚು ಹಿಡಿಯುತ್ತದೆ ಎಂಬ ಭಯ, ಸತ್ತೇ ಹೋಗುತ್ತೇನೆ ಎಂಬ ಭಯ. ಇವುಗಳಲ್ಲಿ ನಾಲ್ಕಾದರೂ ಒಟ್ಟಿಗೆ ನುಗ್ಗಿದರೆ ಅದಕ್ಕೆ ಆ ಹೆಸರು. ಮಕ್ಕಳು ಇದನ್ನೆಲ್ಲ ಹೀಗೆ ಬಿಡಿಸಿ ಹೇಳುವುದಿಲ್ಲ. "ಎಲ್ಲಾ ಟೀವಿಯೊಳಗೆ ನಡೀತಿರೋ ತರ ಇದೆ" ಅನ್ನುತ್ತಾರೆ. ಹುಡುಗರಂತೂ ಹೆಚ್ಚಾಗಿ "ಗ್ಯಾಸ್ಟ್ರಿಕ್" ಅಂದು ಮುಗಿಸಿಬಿಡುತ್ತಾರೆ.

ಒಮ್ಮೆ ಬಂದರೆ ಅದು ಕಾಯಿಲೆಯಲ್ಲ. ಕಾರಣವೇ ಇಲ್ಲದೆ ಪದೇ ಪದೇ ಬಂದು, ಮತ್ತೆ ಬಂದರೆ ಏನು ಗತಿ ಎಂಬ ಚಿಂತೆ, ಬಸ್ಸು–ಶಾಲೆ–ಮದುವೆಮನೆ ತಪ್ಪಿಸುವುದು ಒಂದು ತಿಂಗಳಾದರೂ ನಡೆದರೆ ಆಗ ಪ್ಯಾನಿಕ್ ಡಿಸಾರ್ಡರ್ ಬಗ್ಗೆ ಯೋಚಿಸಬೇಕು.

ನಮ್ಮ ಜಿಲ್ಲೆಗೆ ಒಂದು ವಿಶೇಷ ತೊಡಕಿದೆ. ತೋಟದ ಒಂಟಿಮನೆಯಿಂದ ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ. ಜೀಪು ಹೊರಟು ಊರು ಮುಟ್ಟುವಷ್ಟರಲ್ಲಿ ಅಟ್ಯಾಕ್ ತಾನಾಗಿ ಇಳಿದಿರುತ್ತದೆ. ಅಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರುತ್ತದೆ. ಮಗು ಕಲಿಯುವುದು ಏನು? "ಡ್ರಿಪ್ ಹಾಕಿದ್ದಕ್ಕೆ ಉಳಿದೆ, ಇಲ್ಲದಿದ್ದರೆ ಸಾಯ್ತಿದ್ದೆ." ಮುಂದಿನ ಸಲ ಭಯ ಇನ್ನೂ ಬೇಗ ಏರುತ್ತದೆ. ಅಟ್ಯಾಕ್ ಮಾಡುವುದಕ್ಕಿಂತ ಹೆಚ್ಚು ಕೇಡನ್ನು ಈ ಓಡಾಟ ಮಾಡುತ್ತದೆ.

ಮಕ್ಕಳ_ಡಾಕ್ಟರ್

ಮೇಡಂ ಹೇಳಿದ್ದು ಸರಿ, ಆದರೆ ಅದು ಪರೀಕ್ಷೆ ಮಾಡಿಸಿ "ಇದು ಪ್ಯಾನಿಕ್" ಎಂದು ಖಾತ್ರಿಯಾದ ಮೇಲಿನ ಮಾತು. ಮೊದಲ ಸಲ ಎದೆನೋವು, ಉಸಿರಾಟದ ತೊಂದರೆ ಬಂದ ಮಗುವನ್ನು ಡಾಕ್ಟರಿಗೆ ತೋರಿಸಲೇಬೇಕು. ನೋಡಬೇಕಾದ್ದು ಇಷ್ಟು:

ಇಸಿಜಿ. ಪ್ಯಾನಿಕ್‌ನಲ್ಲಿ ನಾಡಿ ಏರುತ್ತಾ ಹೋಗಿ ನಿಧಾನವಾಗಿ ಇಳಿಯುತ್ತದೆ. ಸ್ವಿಚ್ ಹಾಕಿದ ಹಾಗೆ ಫಕ್ಕನೆ 180 ದಾಟಿ, ಹಾಗೇ ಫಕ್ಕನೆ ನಿಂತರೆ ಅದು ಹೃದಯದ ಬಡಿತದ ದೋಷ ಇರಬಹುದು. ಮೊಬೈಲ್ ಆ್ಯಪ್ ನಂಬಬೇಡಿ, ಮಣಿಕಟ್ಟಿನಲ್ಲಿ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ, ಬರೆದಿಡಿ. ಓಡುವಾಗ ಅಥವಾ ಆಡುವಾಗ ಪ್ರಜ್ಞೆ ತಪ್ಪಿ ಬಿದ್ದರೆ, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ ತೀರಿಕೊಂಡಿದ್ದರೆ ಹೃದಯತಜ್ಞರ ಬಳಿಗೇ ಹೋಗಿ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಎರಡು ಮೆಟ್ಟಿಲಿಗೇ ಎದೆ ಬಡಿಯಬಹುದು, ಅದನ್ನು ಪ್ಯಾನಿಕ್ ಅಂದುಕೊಂಡು ಕೂರಬಾರದು.

ಆಸ್ತಮಾ. ಮಂಜು, ಕಾಫಿ ಹೂವಿನ ಕಾಲ, ಮಳೆಗಾಲದ ಬೂಷ್ಟು, ಯಾವುದಕ್ಕೂ ಕೆರಳಬಹುದು. ಆಸ್ತಮಾದಲ್ಲಿ ಉಸಿರು ಬಿಡುವಾಗ ಸುಯ್ ಸದ್ದು, ಕೆಮ್ಮು ಇರುತ್ತದೆ. ಪ್ಯಾನಿಕ್‌ನಲ್ಲಿ "ಒಳಗೆ ಎಳೆದುಕೊಳ್ಳೋಕೆ ಆಗ್ತಿಲ್ಲ" ಅನ್ನುತ್ತಾರೆ, ಸದ್ದು ಇರುವುದಿಲ್ಲ. ಎರಡೂ ಒಟ್ಟಿಗೆ ಇರುವ ಮಕ್ಕಳೂ ಇದ್ದಾರೆ. ಅವರಿಗೆ ಅನುಮಾನ ಬಂದರೆ ಇನ್‌ಹೇಲರ್ ಮೊದಲು.

ತುಟಿ ನೀಲಿಯಾದರೆ, ಪ್ರಜ್ಞೆ ತಪ್ಪಿದರೆ, ಅರ್ಧ ಗಂಟೆ ಕಳೆದರೂ ಎದೆನೋವು ಇಳಿಯದಿದ್ದರೆ 108. ಅಲ್ಲಿ ಚರ್ಚೆ ಇಲ್ಲ.

ಕರಿಮೆಣಸು

ಕೈ ಸೆಟೆದುಕೊಂಡರೆ ಫಿಟ್ಸ್ ಅಂತ ಕಬ್ಬಿಣದ ಕೀ ಹಿಡಿಸ್ತಾರಲ್ಲ, ಅದರ ಬಗ್ಗೆಯೂ ಹೇಳಿ. ಶಾಲೆಗಳಲ್ಲಿ ಈಗಲೂ ನಡೀತದೆ.

ಮಕ್ಕಳ_ಡಾಕ್ಟರ್

ಹೌದು, ಇದನ್ನು ಬಿಡಿಸಿ ಹೇಳಬೇಕು. ಭಯದಲ್ಲಿ ಉಸಿರು ಜೋರಾಗುತ್ತದೆ, ನಿಮಿಷಕ್ಕೆ 12–20 ಇರಬೇಕಾದ್ದು 30ರ ಹತ್ತಿರ ಹೋಗಬಹುದು. ಆಗ ರಕ್ತದಲ್ಲಿ ಆಮ್ಲಜನಕ ಕಡಿಮೆ ಆಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗಿ ತಲೆ ಗಿರ್ ಅನ್ನುತ್ತದೆ. ರಕ್ತದಲ್ಲಿ ಬಿಡಿಯಾಗಿ ಸಿಗುವ ಕ್ಯಾಲ್ಸಿಯಂ ಇಳಿದು ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಶುರುವಾಗುತ್ತದೆ. ಇನ್ನೂ ಮುಂದುವರಿದರೆ ಹೆಬ್ಬೆರಳು ಅಂಗೈಯೊಳಗೆ ಮಡಚಿ, ಉಳಿದ ನಾಲ್ಕು ಬೆರಳು ನೆಟ್ಟಗೆ ಸೆಟೆದು ಒಂದಕ್ಕೊಂದು ಅಂಟಿ, ಮಣಿಕಟ್ಟು ಕೆಳಗೆ ಬಾಗುತ್ತದೆ. ನೋಡಿದವರು ಹೆದರಿ ಕೂಗುತ್ತಾರೆ, ಆ ಕೂಗಿಗೆ ಮಗುವಿನ ಉಸಿರು ಇನ್ನೂ ಜೋರಾಗುತ್ತದೆ. ಆದರೆ ಮಗು ಮಾತನಾಡುತ್ತಿರುತ್ತದೆ, ಹೆಸರು ಕರೆದರೆ ತಿರುಗಿ ನೋಡುತ್ತದೆ, ನಡೆದದ್ದೆಲ್ಲ ನೆನಪಿರುತ್ತದೆ. ಮೈಯೆಲ್ಲ ಸೆಟೆಯುವ ಫಿಟ್ಸ್‌ನಲ್ಲಿ ಹಾಗಿರುವುದಿಲ್ಲ. ಕೀಯಿಂದ ಎರಡಕ್ಕೂ ಉಪಯೋಗವಿಲ್ಲ. ಉಸಿರು ನಿಧಾನವಾದರೆ ಬೆರಳು ತಾನಾಗಿ ಬಿಡಿಸಿಕೊಳ್ಳುತ್ತದೆ, ಬಲವಂತವಾಗಿ ಬಿಡಿಸಬೇಡಿ.

ಇದೇ ಕಾರಣಕ್ಕೆ ಪೇಪರ್ ಕವರಿನೊಳಗೆ ಉಸಿರಾಡಿಸುವ ಹಳೆಯ ಪದ್ಧತಿ ಇತ್ತು. ಈಗ ಬೇಡ ಅನ್ನುತ್ತೇವೆ. ಆಸ್ತಮಾ ಅಥವಾ ಹೃದಯದ ತೊಂದರೆಯನ್ನು ಪ್ಯಾನಿಕ್ ಎಂದು ತಪ್ಪು ತಿಳಿದು ಕವರು ಹಿಡಿದರೆ ಆಮ್ಲಜನಕ ನಿಜವಾಗಿಯೇ ಇಳಿಯುತ್ತದೆ.

ಕರಿಮೆಣಸು

ಸರಿ ಡಾಕ್ಟ್ರೇ. ಹಾಗಾದರೆ ಮನೆಯವರು ಆ ಹತ್ತು ನಿಮಿಷ ಕೈ ಕಟ್ಟಿ ಕೂತಿರಬೇಕಾ?

ಕಾಡುಮಲ್ಲಿಗೆ

ಕೈ ತುಂಬ ಕೆಲಸ ಇದೆ ಅಕ್ಕ.

ಮೊದಲು ಗಡಿಯಾರ ನೋಡಿ, ಶುರುವಾದ ಹೊತ್ತು ನೆನಪಿಟ್ಟುಕೊಳ್ಳಿ. ಆಮೇಲೆ ಇದೇ ಆಸರೆ.

ಇದ್ದಲ್ಲೇ ಕೂರಿಸಿ, ಪಾದ ಎರಡೂ ನೆಲಕ್ಕೆ ತಾಗಲಿ. ಸ್ವೆಟರ್ ಗುಂಡಿ, ಟೈ, ಶಾಲಿನ ಗಂಟು ಸಡಿಲಿಸಿ. ಮಲಗಿಸುವುದರಿಂದ ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಸುತ್ತ ನಿಂತವರನ್ನು ಕಳಿಸಿ. ಅಜ್ಜಿ ಗಾಳಿ ಹಾಕುತ್ತೇನೆ ಅಂದರೆ ಹಾಕಲಿ, ಆದರೆ ಅಳಬಾರದು.

ಮಾತು ಚಿಕ್ಕದಿರಲಿ. "ಇದು ಪ್ಯಾನಿಕ್. ಏರಿದೆ, ಇಳಿಯುತ್ತೆ. ನಾನಿಲ್ಲೇ ಇದೀನಿ." ಇಷ್ಟೇ, ಮತ್ತೆ ಮತ್ತೆ. "ಏನೂ ಆಗಿಲ್ಲ, ಸುಮ್ನಿರು" ಅನ್ನಬೇಡಿ. ಅವನಿಗೆ ಆಗಿದೆ. ಎದೆ ಬಡಿಯುತ್ತಿರುವುದು ಸುಳ್ಳಲ್ಲ.

ಉಸಿರಿನ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. "ಜೋರಾಗಿ ಉಸಿರು ಎಳ್ಕೋ" ಅನ್ನುತ್ತಾರೆ. ಆಗಲೇ ಹೆಚ್ಚು ಎಳೆದುಕೊಂಡಿದ್ದರಿಂದಲೇ ಈ ಪಾಡು. ಮೊದಲು ಹೊರಗೆ ಬಿಡಲು ಹೇಳಿ. ತುಟಿ ಸಣ್ಣಗೆ ಮಾಡಿ, ಬಿಸಿ ಕಾಫಿ ಆರಿಸುವ ಹಾಗೆ. ಒಲೆ ಊದುವ ಹಾಗೆ ಅಲ್ಲ. ಬಿಟ್ಟ ಮೇಲೆ ಮೂಗಿನಲ್ಲಿ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಒಂದು ಸುತ್ತಿಗೆ 10 ಸೆಕೆಂಡ್, ನಿಮಿಷಕ್ಕೆ ಆರು. ಆರಂಭದಲ್ಲಿ ಅಷ್ಟು ಆಗುವುದಿಲ್ಲ, ಎರಡು–ಮೂರರಿಂದ ಶುರು ಮಾಡಿ. ನೀವೂ ಜೊತೆಗೆ ಮಾಡಿ, ಎಣಿಕೆ ನಿಮ್ಮ ಬಾಯಲ್ಲಿರಲಿ. ಒಂದು ಕೈ ಹೊಟ್ಟೆಯ ಮೇಲೆ ಇಟ್ಟರೆ ಉಸಿರು ಎದೆಯಲ್ಲೇ ನಿಂತಿದೆಯೋ ಕೆಳಗಿಳಿದಿದೆಯೋ ತಿಳಿಯುತ್ತದೆ.

ಗಮನ ಒಳಗಿನಿಂದ ಹೊರಗೆ ಬರಬೇಕು. ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ಮೂಸುವ ಎರಡು, ರುಚಿಯ ಒಂದು. ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕಣದಲ್ಲಿ ಹರಡಿದ ಕಾಫಿ, ಏನಿದೆಯೋ ಅದು. ಮುಖಕ್ಕೆ ತಣ್ಣೀರು ಹಾಕಿದರೆ ನಾಡಿ ಸ್ವಲ್ಪ ಇಳಿಯುತ್ತದೆ. ಡಿಸೆಂಬರಿನ ಮಡಿಕೇರಿ ನೀರಿಗೆ ಐಸ್ ಬೇರೆ ಬೇಡ.

ಇಳಿದ ಮೇಲೆ ಸುಸ್ತಾಗಿರುತ್ತದೆ. ಎರಡು ಗುಟುಕು ನೀರು, ಹತ್ತು–ಹದಿನೈದು ನಿಮಿಷ ವಿಶ್ರಾಂತಿ. ಆಮೇಲೆ ಬಿಟ್ಟ ಕೆಲಸಕ್ಕೆ ವಾಪಸ್. ದಿನವಿಡೀ ಮಲಗಿಸಬೇಡಿ.

ಸೀಗೆಬಳ್ಳಿ (ಕ್ಲಿನಿಕಲ್ ಸೈಕಾಲಜಿ)

ಉಸಿರಿನ ಲೆಕ್ಕದ ಬಗ್ಗೆ ನನ್ನ ತಕರಾರಿದೆ ಮೇಡಂ. ಮೊದಮೊದಲು ಸರಿ. ಆದರೆ ಮಗು "ನಾಲ್ಕು–ಆರು ಎಣಿಸಿದ್ದಕ್ಕೆ ಬದುಕಿದೆ" ಎಂದು ನಂಬಿದರೆ ಅದೂ ಒಂದು ತಾಯಿತವೇ. ಕೈಯಲ್ಲಿ ಯಾವಾಗಲೂ ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟೇ ಬೇಕು, ಗಂಟೆಗೊಮ್ಮೆ ಅಮ್ಮನಿಗೆ ಫೋನ್, ಪರ್ಸಿನಲ್ಲಿ ಒಂದು ಮಾತ್ರೆ. ಇವೆಲ್ಲ ಊರುಗೋಲು. ಊರುಗೋಲು ಇರುವವರೆಗೆ "ಇದು ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ" ಎಂದು ಮೈಗೆ ಗೊತ್ತಾಗುವುದೇ ಇಲ್ಲ.

ಚಿಕಿತ್ಸೆಯಲ್ಲಿ ನಾವು ಉಲ್ಟಾ ದಾರಿ ಹಿಡಿಯುತ್ತೇವೆ. ಆ ಲಕ್ಷಣಗಳನ್ನು ಬೇಕೆಂದೇ ತರಿಸುತ್ತೇವೆ. ನಿಂತಲ್ಲೇ ಒಂದು ನಿಮಿಷ ಗಿರಗಿರ ಸುತ್ತಿದರೆ ತಲೆಸುತ್ತು. ಮೂಗು ಮುಚ್ಚಿ ಸಣ್ಣ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡಿದರೆ ಉಸಿರು ಕಟ್ಟಿದ ಭಾವ. ಮೆಟ್ಟಿಲು ಹತ್ತಿಳಿದರೆ ಡವಡವ. ಪ್ರತಿ ಸಲವೂ ಭಯಕ್ಕೆ 0ರಿಂದ 10ರೊಳಗೆ ಅಂಕ ಕೊಡಿಸುತ್ತೇವೆ. ಮೊದಲ ದಿನ 8 ಇದ್ದದ್ದು ದಿನಾ ಮಾಡುತ್ತಾ ಹೋದ ಹಾಗೆ ಇಳಿಯುತ್ತದೆ. "ಎದೆ ಬಡಿತ = ಸಾವು" ಎಂಬ ಗಂಟು ಬಿಚ್ಚುವುದು ಹೀಗೆ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದರೆ ಡಾಕ್ಟರ್ ಒಪ್ಪಿಗೆ ಬೇಕು. ಮೊದಲ ಕೆಲವು ಸಲ ತಿಳಿದವರ ಮುಂದೆಯೇ ಮಾಡಿಸಬೇಕು, ಯೂಟ್ಯೂಬ್ ನೋಡಿ ಅಲ್ಲ.

ಕಾಡುಮಲ್ಲಿಗೆ

ಒಪ್ಪಿದೆ. ಆದರೂ ತರಬೇತಿ ಸಿಗುವವರೆಗೆ ಮನೆಯವರ ಕೈಗೆ ಒಂದು ಹಗ್ಗ ಕೊಡದೆ ಇರಲಾಗದು. ಹೀಗೆ ಮಾಡೋಣ: ಎಣಿಕೆಯ ಅಭ್ಯಾಸ ಸಮಾಧಾನದ ಹೊತ್ತಿನಲ್ಲಿ, ದಿನಕ್ಕೆ ಎರಡು ಸಲ, ಐದೈದು ನಿಮಿಷ. ಅಟ್ಯಾಕ್ ನಡುವೆಯೇ ಮೊದಲ ಬಾರಿಗೆ ಕಲಿಸಲು ಹೋದರೆ ಆಗುವುದೂ ಇಲ್ಲ, "ನನ್ನಿಂದ ಇದೂ ಆಗ್ತಿಲ್ಲ" ಎಂಬ ಭಯ ಬೇರೆ ಸೇರುತ್ತದೆ. ಮತ್ತೆ ಉಸಿರಾಟ ಅಟ್ಯಾಕನ್ನು ನಿಲ್ಲಿಸಲಿಕ್ಕಲ್ಲ, ಅದು ಇಳಿಯುವವರೆಗೆ ಕೂತಿರಲು ಎಂದು ಹೇಳಿಯೇ ಕಲಿಸಿ.

ಮೂರ್ನಾಡು_ಟೀಚರ್

ತರಗತಿಗೆ ಬೇಕಾದ್ದು ನಾನು ಸೇರಿಸ್ತೀನಿ. ಮಗು ಬಾಯಿಬಿಟ್ಟು ಹೇಳೋಕೆ ನಾಚುತ್ತೆ, ಹಾಗಾಗಿ ಮೊದಲೇ ಒಂದು ಗುರುತು ಮಾಡಿಕೊಳ್ಳಿ. ಮೇಜಿನ ಮೇಲೆ ಕೆಂಪು ಪೆನ್ ಅಡ್ಡ ಇಟ್ಟರೆ ಹೊರಗೆ ಹೋಗ್ಬೇಕು ಅಂತ. ಒಬ್ಬಳು ಗೆಳತಿ ಜೊತೆ ಹೋಗಬಹುದು, ವರಾಂಡದಲ್ಲಿ ಹತ್ತು ನಿಮಿಷ, ಆಮೇಲೆ ವಾಪಸ್. ಮನೆಗೆ ಫೋನ್ ಮಾಡಿ "ಬಂದು ಕರ್ಕೊಂಡು ಹೋಗಿ" ಅನ್ನೋದು ಕೊನೆಯ ದಾರಿ. ಒಮ್ಮೆ ಹಾಗೆ ಕಳಿಸಿದ್ರೆ ಮುಂದಿನ ವಾರ ಬೆಳಿಗ್ಗೆ ಬಸ್ ಸ್ಟಾಪಲ್ಲೇ ಶುರುವಾಗುತ್ತೆ.

ಪರೀಕ್ಷೆ ಕೊಠಡಿಯಲ್ಲಿ ಬಂದರೆ: ಪೆನ್ ಕೆಳಗಿಡು, ಎರಡು ಪಾದ ನೆಲಕ್ಕೆ ಒತ್ತು, ಐದು ಸುತ್ತು ಉಸಿರು, ಒಂದು ನಿಮಿಷವೂ ಆಗಲ್ಲ. ಆಮೇಲೆ ಗೊತ್ತಿರೋ ಒಂದು ಅಂಕದ ಪ್ರಶ್ನೆ ಬರಿ. ಮೂರು ಗಂಟೆ ಪರೀಕ್ಷೆಯಲ್ಲಿ ಹತ್ತು ನಿಮಿಷ ಹೋದರೆ ಪಾಸಿಗೆ ತೊಂದರೆ ಇಲ್ಲ ಅಂತ ಮುಂಚೆನೇ ಲೆಕ್ಕ ಹಾಕಿ ತೋರಿಸಿ, ಮಕ್ಕಳು ಲೆಕ್ಕ ನಂಬ್ತಾರೆ.

ಹಾಸ್ಟೆಲ್ ವಾರ್ಡನ್‌ಗಳಿಗೆ: ರಾತ್ರಿ ನಿದ್ದೆಯಿಂದ ದಿಢೀರ್ ಎಬ್ಬಿಸಿ ಅಟ್ಯಾಕ್ ಬರೋದೂ ಉಂಟು, ಕೆಟ್ಟ ಕನಸು ಇಲ್ಲದೆಯೂ. ದೀಪ ಹಾಕಿ, ಕೂರಿಸಿ, ಇಡೀ ಡಾರ್ಮಿಟರಿ ಎಬ್ಬಿಸಬೇಡಿ.

ಔಷಧಿ_ಅಂಗಡಿ

ಕಾಫಿ ಜಿಲ್ಲೆಯಲ್ಲಿ ಕಾಫಿ ಬಗ್ಗೆ ಯಾರೂ ಮಾತೆತ್ತಲಿಲ್ಲ ನೋಡಿ. ಕೆಫೀನ್ ಪ್ಯಾನಿಕ್ ಸ್ವಭಾವದವರಲ್ಲಿ ಅಟ್ಯಾಕನ್ನೇ ತರಿಸಬಲ್ಲದು. ನಮ್ಮಲ್ಲಿ ಹೆಚ್ಚು ಬೆಳೆಯುವ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಚಿಕೋರಿ ಬೆರೆಸಿದ ಪುಡಿಗಿಂತ ಮನೆಯಲ್ಲೇ ಹುರಿದ ಶುದ್ಧ ರೋಬಸ್ಟಾ ಗಟ್ಟಿ. ಬೆಲ್ಲದ ಕಾಫಿಗೆ ಹಾಲಿಲ್ಲ ಅಂತ ಹಗುರ ಅಂದುಕೊಳ್ಳುತ್ತಾರೆ, ಕೆಫೀನಿಗೂ ಹಾಲಿಗೂ ಸಂಬಂಧವಿಲ್ಲ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕ: ಮಕ್ಕಳಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 3 ಮಿ.ಗ್ರಾಂ. 45 ಕೆ.ಜಿ. ಇದ್ದರೆ 135. ಎನರ್ಜಿ ಡ್ರಿಂಕಿನ 250 ಮಿ.ಲೀ. ಡಬ್ಬಿಯೊಂದರಲ್ಲೇ 75ರ ಆಸುಪಾಸು ಹೋಯಿತು. ಅದು ಮಕ್ಕಳಿಗಲ್ಲ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ, ಓದುವವರಿಲ್ಲ. ಕುಡಿದ ಕೆಫೀನಿನ ಅರ್ಧ ಕರಗಲು ಐದು ಗಂಟೆ ಬೇಕು. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ಒಂದೇ ಸಲ ನಿಲ್ಲಿಸಿದರೆ ತಲೆನೋವು ಬರುತ್ತದೆ, ಎರಡು ವಾರದಲ್ಲಿ ಹಂತಹಂತವಾಗಿ ಇಳಿಸಿ.

ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆ, ಆಸ್ತಮಾದ ಸಾಲ್‌ಬುಟಮಾಲ್ ಕೂಡ ಎದೆ ಬಡಿತ, ಕೈ ನಡುಕ ತರುತ್ತವೆ. ಡಾಕ್ಟರಿಗೆ ಹೇಳುವಾಗ ಇವನ್ನೂ ಹೇಳಿ. ಮತ್ತೆ ಪಕ್ಕದ ಮನೆಯವರ ಅಲ್ಪ್ರಾಜೋಲಾಂ ಎಂಬ ಆತಂಕದ ಮಾತ್ರೆ ಅರ್ಧ ಮುರಿದು ಮಗುವಿಗೆ ಕೊಡಬೇಡಿ. ಅಭ್ಯಾಸ ಹಿಡಿಯುವ ಔಷಧಿ ಅದು, ಚೀಟಿ ಇಲ್ಲದೆ ಮಾರುವಂತೆಯೂ ಇಲ್ಲ.

ಹಾಕಿ_ಮೈದಾನ

ಕೋಚ್‌ಗಳಿಗೆ ಒಂದು ಮಾತು. ಅಟ್ಯಾಕ್ ಬಂದ ಹುಡುಗನನ್ನು ಟೀಮಿನಿಂದ ಹೊರಗಿಡಬೇಡಿ. ಡಾಕ್ಟರ್ ಸರಿ ಅಂದಿದ್ದರೆ ಆಟವೇ ಮದ್ದು, ಎದೆ ಬಡಿದರೂ ಏನೂ ಆಗಲ್ಲ ಅಂತ ಮೈಗೆ ಗೊತ್ತಾಗುವುದು ಅಲ್ಲೇ. ವಾರ್ಮ್ ಅಪ್ 15 ನಿಮಿಷ, ಮುಗಿದ ಮೇಲೆ ಥಟ್ಟನೆ ಕೂರಿಸದೆ ಐದು ನಿಮಿಷ ನಡೆಸಿ. ಖಾಲಿ ಹೊಟ್ಟೆಯಲ್ಲಿ ಬೆಳಗಿನ ಪ್ರಾಕ್ಟೀಸ್ ಬೇಡ. "ಇಲ್ಲಿ ಎತ್ತರ ಜಾಸ್ತಿ, ಅದಕ್ಕೆ ಉಸಿರು ಸಾಲ್ತಿಲ್ಲ" ಅನ್ನುವವರಿದ್ದಾರೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಯೇ 1748 ಮೀಟರ್, ಆರೋಗ್ಯವಂತ ಹುಡುಗನಿಗೆ ಉಸಿರು ಸಾಲದಷ್ಟು ಎತ್ತರ ಕೊಡಗಿನಲ್ಲಿ ಇಲ್ಲ.

ಕರಿಮೆಣಸು

ಗಾಳಿ ಸೋಕಿದೆ, ಕಣಿ ಕೇಳಿಸಿ ಅನ್ನುವ ಹಿರಿಯರಿಗೆ ಏನು ಹೇಳೋದು? ಜಗಳ ಆಡೋಕೆ ಆಗಲ್ಲ.

ಕಾಡುಮಲ್ಲಿಗೆ

ಆಡಬೇಡಿ. ಹರಕೆ ಹೊತ್ತುಕೊಳ್ಳಲಿ, ನೂಲು ಕಟ್ಟಿಸಲಿ, ಮನೆಯವರ ಮನಸ್ಸಿಗೆ ನೆಮ್ಮದಿ. ಮೂರು ಗೆರೆ ಮಾತ್ರ ದಾಟಬಾರದು: ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು. ಮಗುವಿನ ಮುಂದೆ "ಇವಳ ಮೈಮೇಲೆ ಏನೋ ಇದೆ" ಎಂಬ ಮಾತೂ ಬೇಡ. ಮೊದಲೇ "ನಾನು ನಾನಲ್ಲ" ಅನಿಸುತ್ತಿರುವವಳಿಗೆ ಅದು ಸಾಕ್ಷಿ ಒದಗಿಸಿದ ಹಾಗೆ.

ಮಕ್ಕಂದೂರು_ಮಳೆ

ಮಳೆಗಾಲದ ವಿಷಯ ಬೇರೆಯೇ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಆರು–ಏಳು ವರ್ಷದವರಾಗಿದ್ದ ಮಕ್ಕಳು ಈಗ ಹದಿಹರೆಯದಲ್ಲಿದ್ದಾರೆ. ಶೀಟಿನ ಮೇಲೆ ಮಳೆ ಸದ್ದು ಜೋರಾಗಿ, ಕರೆಂಟು ಹೋದ ಕೂಡಲೇ ಏರಿಬಿಡುತ್ತೆ. ಇವರಿಗೆ "ಇದು ಸುಳ್ಳು ಭಯ" ಅನ್ನಬಾರದು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿದದ್ದು ಅವರಿಗೆ ಗೊತ್ತು.

ಭಯಕ್ಕೆ ಒಂದು ಕೆಲಸ ಕೊಡಿ. ಜೂನ್‌ಗೆ ಮುಂಚೆ ಮನೆಯವರೆಲ್ಲ ಕೂತು ಯೋಜನೆ ಬರೆಯಿರಿ: ಯಾವ ಎಚ್ಚರಿಕೆ ಬಂದರೆ ಮನೆ ಬಿಡುವುದು, ಯಾರ ಮನೆಗೆ, ಯಾವ ದಾರಿ. ಬ್ಯಾಗಿನಲ್ಲಿ ಟಾರ್ಚು, ಔಷಧಿ, ಅಂಕಪಟ್ಟಿ, ಒಂದು ಜೊತೆ ಬಟ್ಟೆ. ಆ ಬ್ಯಾಗಿನ ಉಸ್ತುವಾರಿ ಮಗುವಿಗೇ ಇರಲಿ. ಮೊಬೈಲಲ್ಲಿ ಹಳೆಯ ಕುಸಿತದ ವಿಡಿಯೊ ತಿರುಗಿಸಿ ತಿರುಗಿಸಿ ನೋಡೋದನ್ನ ನಿಲ್ಲಿಸಿ. ಆ ದಿನದ್ದೇ ದೃಶ್ಯ ಕಣ್ಣ ಮುಂದೆ ಬರೋದು, ಕನಸು, ಬೆಚ್ಚಿ ಬೀಳೋದು ತಿಂಗಳು ದಾಟಿದರೆ ಅದು ಬರೀ ಪ್ಯಾನಿಕ್ ಅಲ್ಲ, ಆಘಾತಕ್ಕೆ ಬೇರೆ ಚಿಕಿತ್ಸೆ ಇದೆ.

ಸೀಗೆಬಳ್ಳಿ

ಎಲ್ಲಿಗೆ ಹೋಗಬೇಕು ಎಂಬುದನ್ನು ಹಾಕುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನೆಟ್‌ವರ್ಕ್ ಸಿಗುವ ಗುಡ್ಡೆ ಯಾವುದೆಂದು ಮೊದಲೇ ನೋಡಿಟ್ಟುಕೊಳ್ಳಿ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುತ್ತಾರೆ, ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೋಗುವಾಗ ಒಂದು ಹಾಳೆ ಒಯ್ಯಿರಿ: ತಾರೀಕು, ಹೊತ್ತು, ಎಷ್ಟು ನಿಮಿಷ, ಎಲ್ಲಿ, ಮೊದಲು ಏನು ತಿಂದದ್ದು ಕುಡಿದದ್ದು, ನಾಡಿ, ಮುಟ್ಟಿನ ದಿನ. ಎರಡು ವಾರದ ಬರಹ ಸಾಕು. ಸ್ವಲ್ಪ ಹೊತ್ತು ಮಗುವನ್ನು ಒಬ್ಬಳೇ ಮಾತನಾಡಲು ಬಿಟ್ಟು ನೀವು ಹೊರಗೆ ಕೂರಿ. ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ಮಾತು ಸಲೀಸಾದರೆ ಆ ಭಾಷೆ ಬಲ್ಲವರಿದ್ದಾರಾ ಎಂದು ಕೇಳಲು ಸಂಕೋಚ ಬೇಡ.

ಮೊದಲ ಆಯ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ವಾರಕ್ಕೊಮ್ಮೆ ಎರಡು–ಮೂರು ತಿಂಗಳು. ಮಾತ್ರೆ ಬೇಕಾದರೆ ಸರ್ಟ್ರಲಿನ್, ಫ್ಲೂಆಕ್ಸೆಟಿನ್ ಗುಂಪಿನದ್ದು ಕೊಡುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮೊದಲ ವಾರ ಚಡಪಡಿಕೆ ಹೆಚ್ಚಾಗುವುದೂ ಉಂಟು. "ಕೆಲಸ ಮಾಡ್ತಿಲ್ಲ" ಎಂದು ಹತ್ತನೇ ದಿನಕ್ಕೆ ಬಿಡುವವರು ಬಹಳ. ಗುಣವಾಯಿತು ಎಂದು ಒಮ್ಮೆಲೇ ನಿಲ್ಲಿಸುವುದೂ ತಪ್ಪು. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಈ ಔಷಧಿಗಳ ಮೇಲಿದೆ, ಕಣ್ಣಿಟ್ಟಿರಿ.

ಇನ್ನೊಂದು ಮಾತು, ಯಾರೂ ಬೇಸರಿಸಬಾರದು. "ಸತ್ತೇ ಹೋಗ್ತೀನಿ" ಎಂಬ ಭಯ ಬೇರೆ, "ಸಾಯಬೇಕು" ಎಂಬ ಆಸೆ ಬೇರೆ. ಎರಡನೆಯದರ ಸುಳಿವು ಸಿಕ್ಕರೆ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿ ಬಿಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಕೊಡಗಿನ ಮನೆಗಳಲ್ಲಿ ಕೋವಿ ಇರುತ್ತದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಹೂ ಮುಡಿಸಿ ಪೂಜಿಸುವ ವಸ್ತು, ಅದರ ಗೌರವ ಹಾಗೇ ಇರಲಿ. ಆದರೆ ಇಂಥ ಹೊತ್ತಿನಲ್ಲಿ ಕೋವಿಗೆ ಒಂದು ಬೀಗ, ಕಾಡತೂಸಿಗೆ ಬೇರೆ ಕೋಣೆಯಲ್ಲಿ ಇನ್ನೊಂದು, ಎರಡೂ ಕೀ ಹಿರಿಯರ ಸೊಂಟದಲ್ಲಿ. ತೋಟದ ಔಷಧಿಯ ಗೋದಾಮಿಗೂ ಬೀಗ.

ಮೂರ್ನಾಡು_ಟೀಚರ್

ಬಸ್ಸಿನ ಭಯಕ್ಕೆ ಏನು ಮಾಡ್ಬೇಕು ಸರ್? ತಿರುವಿನಲ್ಲಿ ಹೊಟ್ಟೆ ತೊಳಸಿದ್ದೇ ಅಟ್ಯಾಕ್ ಅಂತ ಅಂದುಕೊಂಡು ಕಾಲೇಜೇ ಬಿಡೋರಿದ್ದಾರೆ.

ಸೀಗೆಬಳ್ಳಿ

ವಾಂತಿಯ ಸ್ವಭಾವ ಇದ್ದರೆ ಮೊದಲು ಅದನ್ನು ಬೇರ್ಪಡಿಸಿ: ಮುಂದಿನ ಸೀಟು, ಕಣ್ಣು ದೂರದ ರಸ್ತೆಗೆ, ಮೊಬೈಲ್ ಬೇಡ, ಹೊಟ್ಟೆ ಅರ್ಧ ತುಂಬಿರಲಿ. ಆಮೇಲೆ ಮೆಟ್ಟಿಲು ಕಟ್ಟಿ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗಬೇಕು ಅಂದುಕೊಳ್ಳಿ. ಮೊದಲು ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕೂರುವುದು. ಆಮೇಲೆ ಜೊತೆಗೊಬ್ಬರೊಂದಿಗೆ ಮೇಕೇರಿವರೆಗೆ. ಆಮೇಲೆ ಒಬ್ಬಳೇ ಮೇಕೇರಿ. ಆಮೇಲೆ ಮೂರ್ನಾಡು, ಕೊನೆಗೆ ವಿರಾಜಪೇಟೆ. ಒಂದು ಮೆಟ್ಟಿಲಿನ ಭಯ ಅರ್ಧಕ್ಕೆ ಇಳಿಯುವವರೆಗೆ, ವಾರಕ್ಕೆ ಮೂರ್ನಾಲ್ಕು ಸಲ, ಅದೇ ಮೆಟ್ಟಿಲು. ವಾರಕ್ಕೊಮ್ಮೆ ಮಾಡಿದರೆ ಪ್ರತಿ ಸಲವೂ ಹೊಸದಾಗಿ ಶುರು ಮಾಡಿದ ಹಾಗೆ.

ಮೂರ್ನಾಡು_ಟೀಚರ್

ಅರ್ಧ ದಾರಿಯಲ್ಲಿ ಭಯ ಏರಿ, ಮೂರ್ನಾಡಿನಲ್ಲಿ ಬಸ್ಸಿಂದ ಇಳಿದುಬಿಟ್ಟರೆ?

ಸೀಗೆಬಳ್ಳಿ

ಇಳಿಯಲಿ. ಮನೆಗೆ ಫೋನ್ ಮಾಡಿ ಜೀಪು ಕರೆಸುವುದು ಬೇಡ. ಸ್ಟ್ಯಾಂಡಿನಲ್ಲೇ ಕೂತು ಗಡಿಯಾರ ನೋಡಲಿ, ಭಯ ಇಳಿಯುವವರೆಗೆ ಕಾಯಲಿ. ಆಮೇಲೆ ಮುಂದಿನ ಬಸ್ಸು ಹತ್ತಲಿ, ವಿರಾಜಪೇಟೆ ಕಡೆಗೆ ಹೋಗುವುದನ್ನೇ.